ಈ ಪೀಕ್ ಯಾರದು?

2018ರ ಜುಲೈ ತಿಂಗಳು. ನ್ಯೂಜೆರ್ಸಿಯಲ್ಲಿ ಮಗಳ ಮನೆಯಲ್ಲಿದ್ದ ನಮ್ಮ ಸೋದರತ್ತೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರು. ಔಷಧಿ ಅಂಗಡಿಯಿಂದ ಅವರಿಗೆ ಒಂದು ಕಾಗದ ಬಂದಿತ್ತು. ಅವರು ದಿನಾ ನುಂಗುವುದು ವಲ್ಸಾರ್ಟಾನ್ ಅನ್ನುವ ಬಿಪಿ ಮಾತ್ರೆ. ಅದರಲ್ಲಿ ಕ್ಯಾನ್ಸರ್ ತರಬಹುದಾದ ಕಲ್ಮಶ ಸಿಕ್ಕಿದೆ, ಮಾತ್ರೆ ವಾಪಸ್ ಪಡೆಯುತ್ತಿದ್ದೇವೆ ಅಂತ ಬರೆದಿತ್ತು.

"ನೀನು ಮಾತ್ರೆ ಟೆಸ್ಟ್ ಮಾಡೋ ಲ್ಯಾಬಲ್ಲೇ ತಾನೇ ಇರೋದು? ಇಷ್ಟು ವರ್ಷ ಎಲ್ಲಾ ಟೆಸ್ಟೂ ಪಾಸಾಗಿ ಬಂದಿದ್ದರಲ್ಲಿ ಈಗ ಹೇಗೋ ವಿಷ ಸಿಕ್ತು?"

ಅಂದು ಫೋನಿನಲ್ಲಿ ನನಗೆ ಸರಿಯಾಗಿ ಹೇಳಲಾಗಲಿಲ್ಲ. ಅವರ ಪ್ರಶ್ನೆ ಸುಮ್ನೆ ಬಿಡುವಂಥದ್ದಾಗಿರಲಿಲ್ಲ. ಅದಕ್ಕೆ ಉತ್ತರ ಬೇಕೆಂದರೆ ನಮ್ಮ ಲ್ಯಾಬಿನ ಎರಡು ಯಂತ್ರಗಳ ಪರಿಚಯ ಆಗಬೇಕು. ಒಂದು ಬೆರೆತದ್ದನ್ನು ಬಿಡಿಸುತ್ತದೆ. ಇನ್ನೊಂದು ಬಿಡಿಸಿದ್ದನ್ನು ತೂಗುತ್ತದೆ. ಮೊದಲನೆಯದು ಕ್ರೊಮ್ಯಾಟೊಗ್ರಫಿ, ಎರಡನೆಯದು ಮಾಸ್ ಸ್ಪೆಕ್ಟ್ರೋಮೆಟ್ರಿ.

ಬಿಡಿಸುವ ಕೆಲಸವನ್ನು ನೀವು ಶಾಲೆಯಲ್ಲೇ ನೋಡಿರಬಹುದು. ಫಿಲ್ಟರ್ ಕಾಗದದ ಮೇಲೆ ಕಪ್ಪು ಸ್ಕೆಚ್ ಪೆನ್ನಿನ ಒಂದು ಚುಕ್ಕಿ ಇಟ್ಟು, ಕಾಗದದ ತುದಿಯನ್ನು ನೀರಿಗೆ ತಾಗಿಸಬೇಕು. ನೀರು ಮೇಲೇರುತ್ತಾ ಹೋದ ಹಾಗೆ ಕಪ್ಪು ಒಡೆದು ನೀಲಿ, ಕೆಂಪು, ಹಳದಿ ಆಗುತ್ತದೆ. ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ಸ್ವೆಟ್ ಎಲೆಗಳ ಬಣ್ಣದ ಮೇಲೆ ಇಂಥದ್ದನ್ನೇ ಮಾಡಿದರು. ಗಾಜಿನ ಕೊಳವೆಗೆ ಸೀಮೆಸುಣ್ಣದಂಥ ಪುಡಿ ತುಂಬಿ, ಮೇಲಿಂದ ಎಲೆಯ ಸಾರ ಹಾಕಿ, ದ್ರಾವಕ ಸುರಿದರು. ಹಸಿರು, ಹಳದಿ ಪಟ್ಟೆಗಳು ಬೇರೆ ಬೇರೆಯಾಗಿ ಇಳಿದವು. 1906ರಲ್ಲಿ ಅವರೇ ಇದಕ್ಕೆ ಕ್ರೊಮ್ಯಾಟೊಗ್ರಫಿ ಅಂತ ಹೆಸರಿಟ್ಟರು. ಬಣ್ಣದ ಬರಹ ಅಂತ ಅರ್ಥ. ಅವರ ಮನೆತನದ ಹೆಸರಿಗೂ ರಷ್ಯನ್ ಭಾಷೆಯಲ್ಲಿ ಬಣ್ಣ ಅಂತಲೇ ಅರ್ಥ.

ಒಳಗೆ ನಡೆಯುವುದು ಇಷ್ಟು. ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗಿದ್ದೀರಾ? ಒಂದೇ ಬಸ್ಸಿನಿಂದ ಇಳಿದ ಹತ್ತು ಜನ ರಸ್ತೆಯ ಈ ತುದಿಯಿಂದ ಒಟ್ಟಿಗೆ ಹೊರಡುತ್ತಾರೆ ಅಂದುಕೊಳ್ಳಿ. ಒಬ್ಬರು ಎಲ್ಲೂ ನಿಲ್ಲದೆ ನಡೆದುಬಿಡುತ್ತಾರೆ. ಇನ್ನೊಬ್ಬರು ಕಡಲೆಕಾಯಿ ಗುಡ್ಡೆ ಕಂಡಲ್ಲೆಲ್ಲ ನಿಂತು ಬಿಡಿಸಿ ತಿಂದು ನೋಡುತ್ತಾರೆ. ಮತ್ತೊಬ್ಬರು ಪ್ರತಿ ಬಳೆ ಅಂಗಡಿಯಲ್ಲೂ ಕೂರುತ್ತಾರೆ. ಆ ತುದಿ ಮುಟ್ಟುವ ಹೊತ್ತಿಗೆ ಗುಂಪು ತಾನಾಗಿಯೇ ಚದುರಿರುತ್ತದೆ. ಜನ ಅಣುಗಳು, ಅಂಗಡಿಗಳು ಕೊಳವೆಯೊಳಗಿನ ಪುಡಿ. ಯಾರಿಗೆ ಅಂಗಡಿಯ ಸೆಳೆತ ಜಾಸ್ತಿಯೋ ಅವರು ತಡವಾಗಿ ಬರುತ್ತಾರೆ.

ಈಗ ಔಷಧ ಲ್ಯಾಬುಗಳಲ್ಲಿ ಈ ಕೊಳವೆಯನ್ನು ಕಾಲಮ್ ಅನ್ನುತ್ತೇವೆ. ಸುಮಾರು ಗೇಣುದ್ದದ ಅಥವಾ ಅದಕ್ಕೂ ಚಿಕ್ಕದಾದ ಸ್ಟೀಲ್ ಕೊಳವೆ ಅದು. ಒಳಗೆ ಸಿಲಿಕಾದ ಹರಳುಗಳು, ಒಂದೊಂದೂ 5 ಮೈಕ್ರಾನ್ ಅಥವಾ ಅದಕ್ಕೂ ಸಣ್ಣ. ಅವುಗಳ ಮೈಗೆ ಇಂಗಾಲದ 18 ಕೊಂಡಿಗಳ ಸರಪಳಿ ಹೊಂದಿಸಿರುತ್ತಾರೆ. ಸರಳವಾಗಿ ಹೇಳಬೇಕೆಂದರೆ ಎಣ್ಣೆಯ ಜಿಡ್ಡಿನಂಥ ಲೇಪ. ಇದರ ಮೂಲಕ ನೀರು ಮತ್ತು ಅಸಿಟೋನೈಟ್ರೈಲ್ ಅನ್ನುವ ದ್ರಾವಕದ ಮಿಶ್ರಣವನ್ನು ಪಂಪು ನೂರಾರು ಪಟ್ಟು ವಾಯುಭಾರದ ಒತ್ತಡದಲ್ಲಿ ನೂಕುತ್ತದೆ. ಜಿಡ್ಡು ಇಷ್ಟಪಡುವ ಅಣು ಒಳಗೇ ಅಂಟಿಕೊಂಡು ನಿಧಾನ ಮಾಡುತ್ತದೆ. ನೀರು ಇಷ್ಟಪಡುವ ಅಣು ಓಡಿ ಹೊರಬರುತ್ತದೆ. ಇದೇ ಎಚ್‌ಪಿಎಲ್‌ಸಿ. ದ್ರವದ ಬದಲು ಅನಿಲವನ್ನು ಹಾಯಿಸಿದರೆ ಅದು ಗ್ಯಾಸ್ ಕ್ರೊಮ್ಯಾಟೊಗ್ರಫಿ. ಬಿಸಿ ಮಾಡಿದರೆ ಆವಿಯಾಗುವ ವಸ್ತುಗಳಿಗೆ ಅದು ಸರಿ.

ಕಾಲಮಿನ ಕೊನೆಯಲ್ಲಿ ಒಂದು ಡಿಟೆಕ್ಟರ್ ಕಾಯುತ್ತಿರುತ್ತದೆ. ಸಾಮಾನ್ಯವಾಗಿ ಅದು ನೇರಳಾತೀತ ಬೆಳಕು ಹಾಯಿಸಿ ನೋಡುತ್ತದೆ. ಏನಾದರೂ ಬೆಳಕನ್ನು ಹೀರಿದರೆ ಕಂಪ್ಯೂಟರಿನ ಪರದೆಯ ಮೇಲೆ ನೇರ ಗೆರೆ ಗುಡ್ಡದ ಹಾಗೆ ಏರಿ ಇಳಿಯುತ್ತದೆ. ಅದು ಪೀಕ್. ಎಷ್ಟನೇ ನಿಮಿಷಕ್ಕೆ ಬಂತು ಅನ್ನುವುದು ಅದು ಯಾರಿರಬಹುದು ಅಂತ ಹೇಳುತ್ತದೆ. ಆ ವಸ್ತು ಎಷ್ಟಿದೆ ಅಂತ ಗುಡ್ಡದ ವಿಸ್ತೀರ್ಣ ಹೇಳುತ್ತದೆ. ನಮ್ಮ ದೇಶದಲ್ಲಿ ತಯಾರಾಗುವ ಮಾತ್ರೆಗಳ ಎಷ್ಟೋ ಬ್ಯಾಚುಗಳು ಮಾರುಕಟ್ಟೆಗೆ ಹೋಗುವ ಮೊದಲು ಇಂಥ ಗುಡ್ಡಗಳ ಚಿತ್ರವೊಂದನ್ನು ದಾಟಿ ಹೋಗುತ್ತವೆ.

ಯಾರಿರಬಹುದು ಅಂದೆ. ಆ "ಬಹುದು" ಮುಖ್ಯ. ಇಬ್ಬರು ಬೇರೆ ಬೇರೆ ಜನ ಪರಿಷೆಯ ಆ ತುದಿಗೆ ಒಂದೇ ನಿಮಿಷಕ್ಕೆ ಬರಬಹುದು ಅಲ್ವಾ? ಅದಕ್ಕೇ ಎರಡನೆಯ ಯಂತ್ರ.

ಕಣದಲ್ಲಿ ರಾಶಿ ತೂರುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೊರ ಎತ್ತಿ ಗಾಳಿಗೆ ಬಿಟ್ಟರೆ ಹೊಟ್ಟು ದೂರ ಹಾರುತ್ತದೆ, ಜೊಳ್ಳು ನಡುವೆ, ಗಟ್ಟಿ ಕಾಳು ಕಾಲ ಬಳಿ ಬೀಳುತ್ತದೆ. ಎಲ್ಲಿ ಬಿತ್ತು ಅನ್ನುವುದರಿಂದಲೇ ಎಷ್ಟು ಭಾರ ಅಂತ ಗೊತ್ತು. ಮಾಸ್ ಸ್ಪೆಕ್ಟ್ರೋಮೀಟರು ಅಣುಗಳನ್ನು ಹೀಗೆ ತೂರುತ್ತದೆ. ಅಣುವಿಗೆ ಗಾಳಿ ಸಾಲದು, ವಿದ್ಯುತ್ತೋ ಅಯಸ್ಕಾಂತವೋ ಬೇಕು. ಆದ್ದರಿಂದ ಮೊದಲು ಅಣುವಿಗೆ ವಿದ್ಯುದಂಶ ಕೊಡಬೇಕು. ಆಮೇಲೆ ಅದನ್ನು ನಿರ್ವಾತದಲ್ಲಿ ಓಡಿಸಬೇಕು, ಇಲ್ಲವಾದರೆ ಗಾಳಿಯ ಅಣುಗಳಿಗೆ ಡಿಕ್ಕಿ ಹೊಡೆದು ದಾರಿ ತಪ್ಪುತ್ತದೆ. ಇಂಗ್ಲೆಂಡಿನ ಫ್ರಾನ್ಸಿಸ್ ಆಸ್ಟನ್ 1919ರಲ್ಲಿ ಇಂಥ ಯಂತ್ರ ಕಟ್ಟಿ ಪರಮಾಣುಗಳನ್ನೇ ತೂಗಿದರು. 1922ರಲ್ಲಿ ನೊಬೆಲ್ ಬಂತು.

ಎರಡೂ ಯಂತ್ರ ಇದ್ದವು. ಗ್ಯಾಸ್ ಕ್ರೊಮ್ಯಾಟೊಗ್ರಫಿಯ ಜೊತೆ ಮಾಸ್ ಸ್ಪೆಕ್ಟ್ರೋಮೀಟರನ್ನು ಜೋಡಿಸುವುದು ಬೇಗ ಆಯಿತು. ದ್ರವದ ಜೊತೆ ಮಾತ್ರ ದಶಕಗಳ ಕಾಲ ಜಗಳ. ಯಾಕೆಂದರೆ ಎಚ್‌ಪಿಎಲ್‌ಸಿಯಿಂದ ನಿಮಿಷಕ್ಕೆ ಸುಮಾರು 1 ಮಿಲಿಲೀಟರ್ ದ್ರವ ಬರುತ್ತದೆ. ನೀರು ಆವಿಯಾದರೆ ಸಾವಿರ ಪಟ್ಟಿಗೂ ಜಾಸ್ತಿ ಹಿಗ್ಗುತ್ತದೆ. ಅದನ್ನು ನಿರ್ವಾತದ ಪೆಟ್ಟಿಗೆಯೊಳಗೆ ಬಿಟ್ಟರೆ ನಿರ್ವಾತ ಎಲ್ಲುಳಿಯುತ್ತದೆ? ಇನ್ನೊಂದು ತೊಂದರೆಯೂ ಇತ್ತು. ಜೀವಿಗಳ ದೊಡ್ಡ ಅಣುಗಳನ್ನು ಕಾಯಿಸಿದರೆ ಅವು ಆವಿಯಾಗುವ ಮೊದಲೇ ಸೀದುಹೋಗುತ್ತವೆ.

ಇದನ್ನು ಬಿಡಿಸಿದ್ದು ಅಮೆರಿಕದ ಜಾನ್ ಫೆನ್ ಮತ್ತು ಅವರ ಸಂಗಡಿಗರು ಬೆಳೆಸಿದ ಎಲೆಕ್ಟ್ರೋಸ್ಪ್ರೇ. ದ್ರವವನ್ನು ಸಣ್ಣ ಸೂಜಿಯ ಮೂಲಕ ಬಿಡುತ್ತಾ, ಸೂಜಿಗೆ ಕೆಲವು ಸಾವಿರ ವೋಲ್ಟ್ ಕೊಟ್ಟರೆ, ತುದಿಯಿಂದ ವಿದ್ಯುದಂಶ ಹೊತ್ತ ತುಂತುರು ಹಾರುತ್ತದೆ. ಬಿಸಿ ಅನಿಲಕ್ಕೆ ಹನಿಗಳು ಒಣಗುತ್ತಾ ಕುಗ್ಗುತ್ತವೆ. ಒಂದೇ ಗುಣದ ವಿದ್ಯುದಂಶಗಳು ಇಕ್ಕಟ್ಟಾದಾಗ ಒಂದನ್ನೊಂದು ತಳ್ಳಿ ಹನಿ ಸಿಡಿಯುತ್ತದೆ. ಹೀಗೆ ಸಿಡಿಯುತ್ತಾ ಸಿಡಿಯುತ್ತಾ ಕೊನೆಗೆ ಅಣುವೊಂದೇ, ಮೈಗೆ ವಿದ್ಯುದಂಶ ಅಂಟಿಸಿಕೊಂಡು, ಪೆಟ್ಟಾಗದೆ ಇಡಿಯಾಗಿ ಉಳಿಯುತ್ತದೆ. ಇದೆಲ್ಲ ನಡೆಯುವುದು ನಿರ್ವಾತದ ಹೊರಗೆ. ಒಳಗೆ ಹೋಗುವುದು ಸಣ್ಣ ತೂತಿನಿಂದ ಒಂದು ಪಾಲು ಮಾತ್ರ. ಫೆನ್ ಅವರಿಗೆ ಇದಕ್ಕಾಗಿ 2002ರ ನೊಬೆಲ್‌ನಲ್ಲಿ ಪಾಲು ಬಂತು. ನನ್ನ ಮಟ್ಟಿಗೆ ಔಷಧ ಪರೀಕ್ಷೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ.

ಜ್ವರಕ್ಕೆ ನುಂಗುವ ಪ್ಯಾರಸಿಟಮಾಲ್ ತಗೊಳ್ಳಿ. ಅದರ ಅಣುವಿನ ತೂಕ 151. ತುಂತುರಿನಲ್ಲಿ ಒಂದು ಪ್ರೋಟಾನ್ ಅಂಟಿ 152 ಆಗುತ್ತದೆ. ಯಂತ್ರದ ಮೊದಲ ಬಾಗಿಲು 152 ಇದ್ದವರನ್ನು ಮಾತ್ರ ಒಳಗೆ ಬಿಡುತ್ತದೆ. ನಡುಮನೆಯಲ್ಲಿ ಅವರನ್ನು ಅನಿಲಕ್ಕೆ ಅಪ್ಪಳಿಸಿ ಒಡೆಯುತ್ತಾರೆ. ಪ್ಯಾರಸಿಟಮಾಲ್ ಒಡೆದರೆ 42 ತೂಕದ ಒಂದು ತುಣುಕು ಕಳಚಿ 110 ಉಳಿಯುತ್ತದೆ. ಕೊನೆಯ ಬಾಗಿಲು 110ನ್ನು ಮಾತ್ರ ಬಿಡುತ್ತದೆ. ಇಂತಿಷ್ಟು ನಿಮಿಷಕ್ಕೆ ಬರಬೇಕು, 152 ತೂಗಬೇಕು, ಒಡೆದರೆ 110 ಆಗಬೇಕು. ಮೂರೂ ಹೊಂದುವ ಬೇರೊಂದು ಅಣು ಸಿಗುವುದು ಬಹಳ ಅಪರೂಪ.

ಈಗ ಅತ್ತೆಯ ಮಾತ್ರೆಗೆ ಬರೋಣ.

ವಲ್ಸಾರ್ಟಾನ್ ಅಣುವಿನಲ್ಲಿ ನಾಲ್ಕು ಸಾರಜನಕಗಳಿರುವ ಒಂದು ಉಂಗುರವಿದೆ. ಅದನ್ನು ಕಟ್ಟಲು ಅಜೈಡ್ ಅನ್ನುವ ರಾಸಾಯನಿಕ ಬೇಕು. ಚೀನಾದ ಒಂದು ಕಂಪನಿ ಇಳುವರಿ ಹೆಚ್ಚಿಸಲು ತಯಾರಿಕೆಯ ಕ್ರಮ ಬದಲಿಸಿತು. 2012ರಿಂದ ಆ ಹೊಸ ಕ್ರಮದ ಸರಕು ಹೊರಬರತೊಡಗಿತು. ಹೊಸ ಕ್ರಮದಲ್ಲಿ ದ್ರಾವಕವಾಗಿ ಡಿಎಂಎಫ್ ಬಳಸಿದರು. ಕೆಲಸ ಮುಗಿದ ಮೇಲೆ ಉಳಿದ ಅಜೈಡನ್ನು ಕೊಲ್ಲಲು ಸೋಡಿಯಂ ನೈಟ್ರೈಟ್ ಹಾಕಿದರು. ಎರಡೂ ರಸಾಯನಶಾಸ್ತ್ರಜ್ಞರಿಗೆ ದಿನನಿತ್ಯದ ವಸ್ತುಗಳೇ. ಆದರೆ ಡಿಎಂಎಫ್ ಸ್ವಲ್ಪ ಒಡೆದರೆ ಡೈಮೀಥೈಲಮೈನ್ ಹುಟ್ಟುತ್ತದೆ. ಅದು ಆಮ್ಲದಲ್ಲಿ ನೈಟ್ರೈಟ್ ಜೊತೆ ಸೇರಿದರೆ ಎನ್‌ಡಿಎಂಎ. ಪ್ರಾಣಿಗಳಲ್ಲಿ ಕ್ಯಾನ್ಸರ್ ತರುತ್ತದೆ, ಮನುಷ್ಯರಲ್ಲೂ ತರಬಹುದು ಅಂತ ಗೊತ್ತಿರುವ ವಸ್ತು.

ಟೆಸ್ಟಿನಲ್ಲಿ ಯಾಕೆ ಸಿಗಲಿಲ್ಲ? ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಒಪ್ಪುವ ಎನ್‌ಡಿಎಂಎ ಮಿತಿ ದಿನಕ್ಕೆ 96 ನ್ಯಾನೊಗ್ರಾಂ. ಒಂದು ನ್ಯಾನೊಗ್ರಾಂ ಅಂದರೆ ಗ್ರಾಂನ ನೂರು ಕೋಟಿಯಲ್ಲಿ ಒಂದು ಪಾಲು. ವಲ್ಸಾರ್ಟಾನಿನ ದೊಡ್ಡ ಡೋಸು 320 ಮಿಲಿಗ್ರಾಂ. ಲೆಕ್ಕ ಹಾಕಿದರೆ, ಎರಡು ಕ್ವಿಂಟಲ್ ಅಕ್ಕಿಯಲ್ಲಿ ಮೂರು ಕಾಳು ಹುಡುಕಿದ ಹಾಗೆ. ಮಾಮೂಲಿ ಶುದ್ಧತೆಯ ಟೆಸ್ಟಿನಲ್ಲಿ ನಾವು ಬರೆದಿಡುವುದು ಶೇ. 0.05ಕ್ಕಿಂತ ದೊಡ್ಡ ಕಲ್ಮಶಗಳನ್ನು. 320 ಮಿಲಿಗ್ರಾಂನಲ್ಲಿ ಅದು 160 ಮೈಕ್ರೊಗ್ರಾಂ ಆಗುತ್ತದೆ. ಎನ್‌ಡಿಎಂಎ ಮಿತಿಯ 1600 ಪಟ್ಟಿಗೂ ಜಾಸ್ತಿ! ಸಾಲದ್ದಕ್ಕೆ ಎನ್‌ಡಿಎಂಎ ಪುಟ್ಟ ಅಣು, ನೀರಿನ ಗೆಳೆಯ. ಜಿಡ್ಡಿನ ಕಾಲಮಿನಲ್ಲಿ ಎಲ್ಲೂ ನಿಲ್ಲದೆ, ಶುರುವಿನಲ್ಲೇ ಬರುವ ಗದ್ದಲದ ಜೊತೆ ತೂರಿಕೊಂಡು ಹೋಗಿಬಿಡುತ್ತದೆ. ಟೆಸ್ಟು ಮೋಸ ಮಾಡಿರಲಿಲ್ಲ. ಆ ಪ್ರಶ್ನೆಯನ್ನು ಅದಕ್ಕೆ ಯಾರೂ ಕೇಳಿರಲಿಲ್ಲ.

ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿರುವ ಭಾಗ ಇನ್ನೊಂದು. 2018ರ ನವೆಂಬರಿನಲ್ಲಿ ಎಫ್‌ಡಿಎ ಆ ಕಂಪನಿಗೆ ಬರೆದ ಎಚ್ಚರಿಕೆ ಪತ್ರ ಯಾರು ಬೇಕಾದರೂ ಓದಬಹುದು. ಆ ವರ್ಷ ಜೂನ್ 6ರಂದು ಕಂಪನಿಗೆ ಅದರ ಗ್ರಾಹಕರೊಬ್ಬರಿಂದ ದೂರು ಬಂದಿತ್ತಂತೆ. ಉಳಿಕೆ ದ್ರಾವಕಗಳ ಟೆಸ್ಟಿನಲ್ಲಿ ಗುರುತು ಸಿಗದ ಒಂದು ಪೀಕ್ ಕಾಣಿಸುತ್ತಿದೆ, ಇದು ಯಾರದು ಅಂತ. ಅದನ್ನು ಬೆನ್ನಟ್ಟಿದಾಗ ಸಿಕ್ಕಿದ್ದು ಎನ್‌ಡಿಎಂಎ. ಗುರುತು ಸಿಗದ ಪೀಕ್‌ಗಳು ಕಂಪನಿಯವರ ಕಣ್ಣಿಗೆ ಮೊದಲೂ ಬಿದ್ದಿದ್ದವು, ಅವನ್ನು ಬರೀ ಗದ್ದಲ ಅಂದುಕೊಂಡಿದ್ದರು ಅಂತ ಅದೇ ಪತ್ರ ಹೇಳುತ್ತದೆ. ಆಗ ಬುಡದವರೆಗೆ ಹೋಗಲಿಲ್ಲ. ಸಂಜೆ ಆರಕ್ಕೆ, ಹತ್ತು ಬ್ಯಾಚುಗಳ ರಿಪೋರ್ಟು ಬಾಕಿ ಇರುವಾಗ, ಗೆರೆಯ ಮೇಲೊಂದು ಸಣ್ಣ ಉಬ್ಬು ಕಂಡರೆ ಮನಸ್ಸು ಏನು ಹೇಳುತ್ತದೆ ಅಂತ ನನಗೆ ಗೊತ್ತು. ಅದಕ್ಕೇ ಆ ದೂರು ಬರೆದವರ ಮೇಲೆ ನನಗೆ ತುಂಬಾ ಗೌರವ. ಅವರು ಬಿಡಲಿಲ್ಲ.

ಆಮೇಲೆ ಎಲ್ಲರೂ ಹುಡುಕತೊಡಗಿದರು. ವಲ್ಸಾರ್ಟಾನ್‌ಗೆ ಎಫ್‌ಡಿಎ ಪ್ರಕಟಿಸಿದ ವಿಧಾನವೊಂದರಲ್ಲಿ ಪುಡಿಯನ್ನು ಮುಚ್ಚಿದ ಸೀಸೆಯಲ್ಲಿ ಕಾಯಿಸಿ, ಮೇಲೆದ್ದ ಆವಿಯನ್ನು ಗ್ಯಾಸ್ ಕ್ರೊಮ್ಯಾಟೊಗ್ರಫಿಗೂ ಮಾಸ್ ಸ್ಪೆಕ್ಟ್ರೋಮೀಟರಿಗೂ ಬಿಡುತ್ತಿದ್ದರು. ಚೆನ್ನಾಗಿ ಕೆಲಸ ಮಾಡಿತು. 2019ರಲ್ಲಿ ಎದೆಯುರಿ, ಆಸಿಡಿಟಿಗೆ ಕೊಡುವ ರಾನಿಟಿಡಿನ್ ಮಾತ್ರೆಯನ್ನು ಅಮೆರಿಕದ ಒಂದು ಖಾಸಗಿ ಲ್ಯಾಬು ಹೀಗೇ 130 ಡಿಗ್ರಿಗೆ ಕಾಯಿಸಿ ನೋಡಿತು. ಒಂದೊಂದು ಮಾತ್ರೆಯಲ್ಲೂ ಲಕ್ಷಗಟ್ಟಲೆ ನ್ಯಾನೊಗ್ರಾಂ ಬಂತು. ಜಗತ್ತೇ ಬೆಚ್ಚಿಬಿತ್ತು. ಆದರೆ ರಾನಿಟಿಡಿನ್ ಅಣುವಿನೊಳಗೇ ಎನ್‌ಡಿಎಂಎ ಕಟ್ಟಲು ಬೇಕಾದ ಸಾಮಾನು ಇದೆ. ಕಾಯಿಸಿದಾಗ ಅದು ಸೀಸೆಯಲ್ಲೇ ತಯಾರಾಗುತ್ತಿತ್ತು. ಹುಡುಕುವ ಕೆಲಸವೇ ಅದನ್ನು ಹುಟ್ಟಿಸುತ್ತಿತ್ತು! ಎಫ್‌ಡಿಎ ಕಾಯಿಸದ ದ್ರವ ಕ್ರೊಮ್ಯಾಟೊಗ್ರಫಿ ವಿಧಾನ ಬಳಸಿ ಅಂತ ಹೇಳಿತು. ಅದರಲ್ಲಿ ತುಂಬಾ ಕಡಿಮೆ ಬಂತು.

ಕಥೆ ಅಲ್ಲಿಗೆ ಮುಗಿದಿದ್ದರೆ ಬರೀ ಗಾಬರಿ ಅನ್ನಬಹುದಿತ್ತು. ಮುಗಿಯಲಿಲ್ಲ. ಮಾತ್ರೆಗಳನ್ನು ತಿಂಗಳುಗಟ್ಟಲೆ ಇಟ್ಟು, ಬೆಚ್ಚಗಿನ ಜಾಗದಲ್ಲಿಟ್ಟು, ಅದೇ ತಣ್ಣನೆಯ ವಿಧಾನದಿಂದ ನೋಡಿದಾಗ ಎನ್‌ಡಿಎಂಎ ನಿಧಾನವಾಗಿ ಏರುತ್ತಿತ್ತು. ಸೀಸೆಯಲ್ಲಿ ಕೆಲವು ನಿಮಿಷಗಳಲ್ಲಿ ಆದದ್ದು ಕಪಾಟಿನಲ್ಲಿ ಮೆಲ್ಲಗೆ ನಡೆಯುತ್ತಿತ್ತು. 2020ರ ಏಪ್ರಿಲ್ 1ರಂದು ಎಲ್ಲಾ ರಾನಿಟಿಡಿನ್ ಮಾತ್ರೆಗಳನ್ನೂ ಅಮೆರಿಕದ ಮಾರುಕಟ್ಟೆಯಿಂದ ತೆಗೆಯಲು ಎಫ್‌ಡಿಎ ಕೇಳಿತು. ತಪ್ಪು ದಾರಿಯಲ್ಲಿ ಸಿಕ್ಕ ಸಂಖ್ಯೆ ತಪ್ಪಾಗಿತ್ತು, ಅದು ಹುಟ್ಟಿಸಿದ ಅನುಮಾನ ಮಾತ್ರ ಸರಿಯಾಗಿತ್ತು.

ಅದೇ ವರ್ಷ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಸರದಿ. ಕೆಲವು ಲ್ಯಾಬುಗಳಿಗೆ ಎನ್‌ಡಿಎಂಎ ಜಾಸ್ತಿ ಬಂತು, ಎಫ್‌ಡಿಎಗೆ ಕಡಿಮೆ. ಕಾರಣ ಮತ್ತೆ ಡಿಎಂಎಫ್, ಈ ಸಲ ಬೇರೆ ವೇಷದಲ್ಲಿ. ಪ್ರೋಟಾನ್ ಅಂಟಿದ ಎನ್‌ಡಿಎಂಎ ತೂಕ 75.0553. ಡಿಎಂಎಫ್ ತೂಕ 74.06, ಅಂದರೆ ಬೇರೆಯೇ. ಆದರೆ ನಿಸರ್ಗದಲ್ಲಿ ಸಾರಜನಕದ ಸಾವಿರ ಪರಮಾಣುಗಳಲ್ಲಿ ಸುಮಾರು ನಾಲ್ಕು, ಒಂದು ತೂಕ ಜಾಸ್ತಿ ಇರುತ್ತವೆ. ಅಂಥ ಸಾರಜನಕ ಸೇರಿದ ಡಿಎಂಎಫ್ 75.0571 ತೂಗುತ್ತದೆ. ಎರಡರ ನಡುವೆ ವ್ಯತ್ಯಾಸ 0.0018. ಮೂರು ಇಲೆಕ್ಟ್ರಾನುಗಳ ತೂಕಕ್ಕಿಂತ ತುಸು ಜಾಸ್ತಿ, ಅಷ್ಟೇ. ಮಾತ್ರೆಯಲ್ಲಿ ಡಿಎಂಎಫ್ ಉಳಿದಿದ್ದು, ಎರಡೂ ಕಾಲಮಿನಿಂದ ಹತ್ತಿರ ಹತ್ತಿರ ಹೊರಬಂದು, ಯಂತ್ರದ ತಕ್ಕಡಿ ಅಷ್ಟು ನಾಜೂಕಾಗಿ ಇಲ್ಲದಿದ್ದರೆ, ಒಂದನ್ನು ಇನ್ನೊಂದು ಅಂತ ಎಣಿಸಿಬಿಡುತ್ತೇವೆ. ತೂಗುವ ಯಂತ್ರ ಇದೆ ಅಂತ ಬಿಡಿಸುವ ಕೆಲಸದಲ್ಲಿ ಸೋಮಾರಿತನ ಮಾಡಬಾರದು ಅಂತ ಹೊಸಬರಿಗೆ ಹೇಳುವಾಗ ನಾನು ಈ ಮೂರನೇ ದಶಾಂಶವನ್ನೇ ತೋರಿಸುವುದು.

ಅತ್ತೆಗೆ ಏನು ಹೇಳಿದೆ ಅಂತ ಕೇಳುತ್ತೀರೇನೋ. ಮಾರನೇ ದಿನ ಎಫ್‌ಡಿಎ ಹೇಳಿದ್ದನ್ನೇ ಹೇಳಿದೆ: ಬದಲಿ ಮಾತ್ರೆ ಕೈಗೆ ಬರುವವರೆಗೆ ಇದನ್ನು ನಿಲ್ಲಿಸಬೇಡಿ. ಬಿಪಿ ಏರಿದರೆ ಅಪಾಯ ಇವತ್ತೇ. ಕಲ್ಮಶದ ಅಪಾಯ ವರ್ಷಗಳ ಲೆಕ್ಕದ್ದು. ಅದರ ಪ್ರಮಾಣವನ್ನೂ ಎಫ್‌ಡಿಎ ಆಮೇಲೆ ಅಂದಾಜು ಮಾಡಿತು. 8000 ಜನ ನಾಲ್ಕು ವರ್ಷ ದಿನಾ 320 ಮಿಲಿಗ್ರಾಂ ಕಲ್ಮಶದ ಮಾತ್ರೆ ನುಂಗಿದ್ದರೆ, ಅವರೆಲ್ಲರ ಜೀವಮಾನದಲ್ಲಿ ಹೆಚ್ಚುವರಿಯಾಗಿ ಒಬ್ಬರಿಗೆ ಕ್ಯಾನ್ಸರ್ ಬರಬಹುದು. ಸಣ್ಣದು, ಆದರೆ ಆ ಒಬ್ಬರು ಯಾರದೋ ಅತ್ತೆ.

ವಾರದಲ್ಲಿ ಬೇರೆ ಕಂಪನಿಯ ಮಾತ್ರೆ ಬಂತು. ಆಗ ಅವರ ಇನ್ನೊಂದು ಪ್ರಶ್ನೆ: "ಬಣ್ಣ ಬೇರೆ, ಆಕಾರ ಬೇರೆ. ಇದೂ ಅದೇ ಕೆಲಸ ಮಾಡುತ್ತೆ ಅಂತ ಹೇಗೆ ನಂಬೋದು?"

ಇದಕ್ಕೂ ಉತ್ತರ ಇದೇ ಯಂತ್ರಗಳಲ್ಲಿದೆ, ಈ ಸಲ ರಕ್ತದಲ್ಲಿ. ಮೂಲ ಔಷಧ ಮತ್ತು ಜೆನೆರಿಕ್ ಎರಡನ್ನೂ ಆರೋಗ್ಯವಂತ ಸ್ವಯಂಸೇವಕರಿಗೆ ಬೇರೆ ಬೇರೆ ದಿನ ಕೊಟ್ಟು, ಗಂಟೆಗಂಟೆಗೂ ರಕ್ತ ತೆಗೆದು, ಔಷಧ ಎಷ್ಟು ಏರಿತು, ಎಷ್ಟು ಹೊತ್ತು ಇತ್ತು ಅಂತ ಅಳೆಯುತ್ತಾರೆ. ಎರಡರ ಅನುಪಾತ, ಅದರ ಅನಿಶ್ಚಿತತೆಯ ಪಟ್ಟಿಯೂ ಸೇರಿ, ಶೇ. 80ರಿಂದ 125ರ ಒಳಗೆ ಇರಬೇಕು. ಬೆಂಗಳೂರಿನಲ್ಲೂ ಇಂಥ ಅಧ್ಯಯನಗಳು ನಡೆಯುತ್ತವೆ.

ಮಾತ್ರೆಗಿಂತ ರಕ್ತ ಕಷ್ಟ. ಅದರಲ್ಲಿ ಪ್ರೋಟೀನು, ಕೊಬ್ಬು, ಉಪ್ಪು, ನಿನ್ನೆ ತಿಂದ ಊಟದ ಗುರುತು, ಎಲ್ಲ ಇದೆ. ರಕ್ತಕಣಗಳನ್ನು ತೆಗೆದ ಮೇಲೆ ಉಳಿಯುವ ದ್ರವ ಪ್ಲಾಸ್ಮಾ. ಅದಕ್ಕೆ ಅಸಿಟೋನೈಟ್ರೈಲ್ ಹಾಕಿದರೆ ಪ್ರೋಟೀನು ಒಡೆದ ಹಾಲಿನ ಹಾಗೆ ಗಟ್ಟಿಯಾಗಿ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಯಂತ್ರಕ್ಕೆ ಹಾಕುತ್ತೇವೆ. ಆದರೂ ರಕ್ತದ ಕೊಬ್ಬಿನಂಶಗಳು ನುಸುಳಿ, ತುಂತುರಿನಲ್ಲಿ ವಿದ್ಯುದಂಶಕ್ಕಾಗಿ ಔಷಧದ ಜೊತೆ ಪೈಪೋಟಿಗೆ ಬೀಳುತ್ತವೆ. ಔಷಧ ಅಲ್ಲೇ ಇರುತ್ತದೆ, ಅದರ ದನಿ ಮಾತ್ರ ಅಡಗುತ್ತದೆ. ತೆರೆಯ ಮೇಲೆ ಪೀಕ್ ಕುಳ್ಳಗಾಗುತ್ತದೆ, ಸಂಖ್ಯೆ ಸುಳ್ಳಾಗುತ್ತದೆ.

ಇದಕ್ಕೆ ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ. ಕುರುಬರು ಹೊಳೆ ದಾಟಿಸುವ ಮೊದಲು ಮಂದೆಗೆ ಬಣ್ಣ ಹಚ್ಚಿದ ಹತ್ತು ಕುರಿ ಸೇರಿಸಿದರು ಅಂದುಕೊಳ್ಳಿ. ಆಚೆ ದಡದಲ್ಲಿ ಬಣ್ಣದ ಕುರಿ ಐದೇ ಸಿಕ್ಕರೆ, ಉಳಿದ ಮಂದೆಯೂ ಅರ್ಧ ಕಳೆದಿದೆ ಅಂತ ಲೆಕ್ಕ. ನಾವು ಪ್ರತಿ ರಕ್ತದ ಸ್ಯಾಂಪಲ್‌ಗೂ ಅದೇ ಔಷಧದ ಒಂದು ಅವಳಿಯನ್ನು ಅಳತೆ ಮಾಡಿ ಸೇರಿಸುತ್ತೇವೆ. ಆ ಅವಳಿಯಲ್ಲಿ ಕೆಲವು ಹೈಡ್ರೋಜನ್‌ಗಳ ಬದಲು ಎರಡು ಪಟ್ಟು ಭಾರದ ಡ್ಯುಟೀರಿಯಂ ಇರುತ್ತದೆ. ಕಾಲಮಿನಲ್ಲಿ ಎರಡೂ ಹೆಚ್ಚು ಕಡಿಮೆ ಒಟ್ಟಿಗೇ ನಡೆಯುತ್ತವೆ. ತುಂತುರಿನಲ್ಲಿ ಒಂದರ ದನಿ ಅಡಗಿದರೆ ಇನ್ನೊಂದರದೂ ಅಷ್ಟೇ ಅಡಗುತ್ತದೆ. ತೂಕ ಬೇರೆ ಇರುವುದರಿಂದ ಮಾಸ್ ಸ್ಪೆಕ್ಟ್ರೋಮೀಟರು ಮಾತ್ರ ಎರಡನ್ನೂ ಬೇರೆ ಬೇರೆ ಎಣಿಸುತ್ತದೆ. ನಾವು ನೋಡುವುದು ಎರಡರ ಅನುಪಾತವನ್ನು.

ದಿನದ ಕೆಲಸ ಶುರುವಾಗುವುದು ಔಷಧವೇ ಇಲ್ಲದ ಪ್ಲಾಸ್ಮಾದಿಂದ. ಅದಕ್ಕೆ ಬ್ಲ್ಯಾಂಕ್ ಅನ್ನುತ್ತೇವೆ. ಔಷಧ ಬರಬೇಕಾದ ನಿಮಿಷದಲ್ಲಿ ಗೆರೆ ಹೆಚ್ಚು ಕಡಿಮೆ ಸಪಾಟಾಗಿ ಇರಬೇಕು. ಅಲ್ಲಿ ಉಬ್ಬು ಕಂಡರೂ, ಅಳೆಯಬಲ್ಲ ಅತಿ ಕಡಿಮೆ ಪ್ರಮಾಣದ ಪೀಕಿನ ಶೇ. 20ನ್ನು ಅದು ಮೀರಕೂಡದು. ಮೀರಿದರೆ ಸ್ವಯಂಸೇವಕರ ಸ್ಯಾಂಪಲ್‌ಗಳು ಫ್ರೀಜರಿನಲ್ಲೇ ಕಾಯುತ್ತವೆ. ಸೂಜಿ ತೊಳೆಯುತ್ತೇವೆ, ಕಾಲಮ್ ತೊಳೆಯುತ್ತೇವೆ, ಸೀಸೆ ಬದಲಿಸಿ ಮತ್ತೆ ಹಾಕುತ್ತೇವೆ. ಆ ಉಬ್ಬು ಎಲ್ಲಿಂದ ಬಂತು ಅಂತ ಸಿಗುವವರೆಗೆ ಒಂದೇ ಒಂದು ಸ್ಯಾಂಪಲ್ ಒಳಗೆ ಹೋಗುವುದಿಲ್ಲ.